ಕೂಡ್ಲಿಗಿಯಲ್ಲಿ ಮಾತಾಡಿದ ಕಂಟೇನರ್

ಕಂಟೇನರಿಗೆ ಅಕ್ಕಿ ತುಂಬುವಾಗ ನಾಲ್ಕು ಹಂತದಲ್ಲಿ ಫೋಟೊ ತೆಗೆಯಬೇಕು. ಖಾಲಿ ಇದ್ದಾಗ ಒಂದು, ಅರ್ಧ ತುಂಬಿದಾಗ ಒಂದು, ಪೂರ್ತಿ ತುಂಬಿದಾಗ ಒಂದು, ಬಾಗಿಲು ಹಾಕಿ ಸೀಲ್ ಒತ್ತಿದ ಮೇಲೆ ಅದರ ನಂಬರು ಕಾಣುವ ಹಾಗೆ ಇನ್ನೊಂದು. ಈ ಫೋಟೊಗಳು ಚೆನ್ನೈಯಲ್ಲಿರುವ ನಮ್ಮ ಕಸ್ಟಮ್ಸ್ ಏಜೆಂಟರಿಗೂ ಹೋಗಬೇಕು, ದುಬೈಯಲ್ಲಿರುವ ಖರೀದಿದಾರರಿಗೂ ಹೋಗಬೇಕು. ಹಗರಿಬೊಮ್ಮನಹಳ್ಳಿಯ ಒಂದು ಅಕ್ಕಿ ಗಿರಣಿಯಲ್ಲಿ ರಫ್ತಿನ ಕಾಗದಪತ್ರ, ಸಾಗಣೆ ಎರಡನ್ನೂ ನೋಡಿಕೊಳ್ಳುತ್ತಿದ್ದ ನನಗೆ ಇದು ಕೆಲಸದ ಅತಿ ಸುಲಭದ ಭಾಗ ಅನಿಸಿತ್ತು. ಕಷ್ಟವೆಲ್ಲ ಟ್ರೇಲರ್ ಗೇಟು ದಾಟಿದ ಮೇಲೆ ಶುರುವಾಗುವಂಥದ್ದು. ಆ ದಿನ ಮಾತ್ರ ಕಷ್ಟ ಫೋಟೊ ತೆಗೆಯುವ ಹೊತ್ತಿಗೇ ಶುರುವಾಯಿತು.

ಅಕ್ಕಿ ರಫ್ತು ಅಂದಕೂಡಲೇ ಜನ ಹಡಗಿನ ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ಹಡಗಿನದು ದೊಡ್ಡ ಮಾತಲ್ಲ. ಚೆನ್ನೈಯಿಂದ ಕೊಲ್ಲಿ ದೇಶಕ್ಕೆ ಹೋಗುವ ಬಾಡಿಗೆಗಿಂತ ನಮ್ಮೂರಿನಿಂದ ಚೆನ್ನೈಗೆ ಹೋಗುವ ಬಾಡಿಗೆಯೇ ಹೆಚ್ಚಾದ ತಿಂಗಳುಗಳನ್ನು ನಾನು ನೋಡಿದ್ದೇನೆ. ಕಾರಣ ಸರಳ. ನಮ್ಮ ಸೀಮೆಗೆ ಹೊರದೇಶದಿಂದ ಕಂಟೇನರಿನಲ್ಲಿ ಬರುವ ಸಾಮಾನು ಏನೂ ಇಲ್ಲ, ಹಾಗಾಗಿ ಖಾಲಿ ಕಂಟೇನರ್ ಇಲ್ಲಿ ಸಿಗುವುದಿಲ್ಲ. ಬೆಂಗಳೂರಿನ ಯಾರ್ಡಿನಿಂದ ಬರೀ ಗಾಳಿ ತುಂಬಿಕೊಂಡು ಅದು ಬರಬೇಕು. ಆ ಗಾಳಿಯ ಬಾಡಿಗೆಯನ್ನೂ ನಾವೇ ಕೊಡಬೇಕು. ಪಕ್ಕದ ತಾಲ್ಲೂಕಿನ ಹೆಸರಿನಲ್ಲೇ ಹಡಗು ಐತಲ್ಲ, ಅದರಾಗ ತುಂಬಿ ಕಳಸೋಣ ಎಂದು ನಮ್ಮ ಹಮಾಲರ ಮುಖಂಡ ಪ್ರತಿ ಸಲ ಹೇಳುತ್ತಿದ್ದ, ಪ್ರತಿ ಸಲ ಹಮಾಲರು ನಗುತ್ತಿದ್ದರು. ಹೂವಿನಹಡಗಲಿ ಕಡೆಯಿಂದ ಬಂದಿದ್ದ ಇಬ್ಬರು ಮಾತ್ರ ನಗುತ್ತಿರಲಿಲ್ಲ.

ಟ್ರೇಲರ್ ಗಿರಣಿಯ ಅಂಗಳದಲ್ಲಿ ಹೆಚ್ಚು ಹೊತ್ತು ನಿಂತರೆ ಅದಕ್ಕೂ ದಂಡ. ಆದ್ದರಿಂದ ತುಂಬುವ ದಿನ ಎಲ್ಲರಿಗೂ ಗಡಿಬಿಡಿ. ಎಲ್ಲರಿಗಿಂತ ಹೆಚ್ಚು ಗಡಿಬಿಡಿ ಗಿರಣಿಯ ಮಾಲೀಕರಿಗೆ. ಅವರನ್ನು ನಾವು ಸಾವ್ಕಾರ್ರು ಅನ್ನುತ್ತಿದ್ದೆವು. ಅವರ ತಂದೆ ಜೋಳ, ಶೇಂಗಾ ವ್ಯಾಪಾರ ಮಾಡಿಕೊಂಡಿದ್ದವರು. ಇವರು ಗಿರಣಿ ಹಾಕಿ, ಹರಿಹರ, ಗಂಗಾವತಿ ಕಡೆಯಿಂದ ಭತ್ತ ತರಿಸಿ, ಸೋನಾ ಮಸೂರಿಯನ್ನು ಹತ್ತು ಕಿಲೋ ಚೀಲಗಳಲ್ಲಿ ದುಬೈಗೆ ಕಳಿಸುವ ಮಟ್ಟಕ್ಕೆ ಬಂದಿದ್ದರು. ಒಳ್ಳೆಯ ಮನುಷ್ಯ. ಕೆಲಸದವರ ಮೇಲೆ ಗಿರಣಿಯ ಬೀಗದ ಕೈ ಎಸೆದು ವಾರಗಟ್ಟಲೆ ಪರಊರಿಗೆ ಹೋಗಿಬಿಡುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಯಾರನ್ನೂ ನಂಬುತ್ತಿರಲಿಲ್ಲ. ಅದು ಓಟಿಪಿ.

ಬ್ಯಾಂಕು, ಜಿಎಸ್‌ಟಿ, ರಸ್ತೆಯಲ್ಲಿ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ಲು, ಕಂಟೇನರಿನ ಸೀಲ್ ನೋಂದಾಯಿಸುವ ಪೋರ್ಟಲು, ಎಲ್ಲದಕ್ಕೂ ಕೊಟ್ಟಿದ್ದು ಅವರದೊಂದೇ ಮೊಬೈಲ್ ನಂಬರು. ನಾನು ಯಾವ ಪುಟ ತೆರೆಯಬೇಕಾದರೂ ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಕೋಣೆಗೆ ಹೋಗಿ ನಿಲ್ಲಬೇಕು. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ತೋಳಿನಷ್ಟು ದೂರ ಹಿಡಿದು, ಒಂದೊಂದೇ ಅಂಕಿ ಓದಿ, ಪ್ರತಿ ಅಂಕಿಗೂ ಬರಕೊಂಡ್ಯಾ ಎಂದು ಕೇಳುತ್ತಿದ್ದರು. ಕೊನೆಯ ಅಂಕಿಗೆ ಬರುವಷ್ಟರಲ್ಲಿ ಅದರ ಅವಧಿ ಮುಗಿದು ಹೋಗಿರುತ್ತಿತ್ತು. ನನ್ನ ನಂಬರನ್ನೂ ಸೇರಿಸಬಹುದು, ಅದಕ್ಕೆ ಸರ್ಕಾರವೇ ಅವಕಾಶ ಕೊಟ್ಟಿದೆ ಎಂದು ಎರಡು ಮೂರು ಸಲ ಹೇಳಿದ್ದೆ.

"ತಂಗಿ, ಕೀಲಿ ಒಂದ ಇರಬೇಕು. ಎರಡಾತಂದ್ರ ಅದು ಕೀಲಿ ಅಲ್ಲ" ಅಂದಿದ್ದರು.

ಹೀಗಾಗಿ ತುಂಬುವ ದಿನದ ಎಲ್ಲ ಓಟಿಪಿ ಕೆಲಸವನ್ನು ನಾನು ಬೆಳಿಗ್ಗೆಯೇ ಮುಗಿಸಿಡುತ್ತಿದ್ದೆ. ಅವತ್ತೂ ಹಾಗೇ ಮಾಡಿದ್ದೆ. ಸೀಲಿನ ನಂಬರು ಪೋರ್ಟಲಿಗೆ ಏರಿತ್ತು, ಇ-ವೇ ಬಿಲ್ಲು ತಯಾರಾಗಿತ್ತು. ಚೀಲಗಳು ಕಂಟೇನರಿನ ಹಿಂಗೋಡೆಯಿಂದ ಸಾಲುಸಾಲಾಗಿ ಬಾಗಿಲ ಕಡೆಗೆ ಬರುತ್ತಿದ್ದವು. ಕೊನೆಯ ಸಾಲುಗಳ ಹೊತ್ತಿಗೆ ಚಾವಣಿಯ ಹತ್ತಿರ ಕತ್ತಲು, ಹಮಾಲರಿಗೆ ಚೀಲ ಎಲ್ಲಿ ಕೂರುತ್ತಿದೆ ಎಂದು ಕಾಣುತ್ತಿರಲಿಲ್ಲ. ಸಾವ್ಕಾರ್ರು ತಾವೇ ಮುಂದೆ ಬಂದು, ತಮ್ಮ ಫೋನಿನ ಟಾರ್ಚ್ ಹಚ್ಚಿ, ಕೊನೆಯ ಸಾಲಿಗಿಂತ ಹಿಂದಿನ ಸಾಲಿನ ಮೇಲೆ ಅದನ್ನು ಒರಗಿಸಿ ಇಟ್ಟರು. ಬೆಳಕು ಚೆನ್ನಾಗಿಯೇ ಬಿತ್ತು. ಅಷ್ಟರಲ್ಲಿ ತವುಡು ಒಯ್ಯಲು ಬಂದವನೊಬ್ಬ ಗೇಟಿನ ಹತ್ತಿರ ಏನೋ ತಕರಾರು ತೆಗೆದ, ಸಾವ್ಕಾರ್ರು ಆ ಕಡೆ ಹೋದರು. ಕೊನೆಯ ಸಾಲು ಮೇಲೇರಿತು. ನಾನು ಫೋಟೊ ತೆಗೆದೆ, ಬಾಗಿಲು ಹಾಕಿಸಿದೆ, ಸೀಲ್ ಒತ್ತಿದೆ, ಅದರ ಫೋಟೊವನ್ನೂ ತೆಗೆದೆ. ಅವೆಲ್ಲ ಬಹಳ ಸ್ಪಷ್ಟವಾಗಿ ಬಂದಿದ್ದವು.

ಟ್ರೇಲರ್ ಹೊರಟು ಸ್ವಲ್ಪ ಹೊತ್ತಾದ ಮೇಲೆ ಸಾವ್ಕಾರ್ರು ಅಂಗಿಯ ಜೇಬು ಮುಟ್ಟಿಕೊಂಡರು. ಆಮೇಲೆ ಪ್ಯಾಂಟಿನ ಜೇಬು. ಆಮೇಲೆ ಮತ್ತೆ ಅಂಗಿಯದು. ಗಿರಣಿಯ ಕೆಲಸ ಅಲ್ಲಿಗೆ ನಿಂತಿತು. ಎಲ್ಲರೂ ಹುಡುಕಿದೆವು. ತವುಡಿನ ರಾಶಿ ಕೆದರಿದೆವು, ಪಾಲಿಶ್ ಯಂತ್ರದ ಅಡಿ ಬಗ್ಗಿ ನೋಡಿದೆವು, ತಕರಾರು ತೆಗೆದವನ ಚೀಲವನ್ನು ಅವನೇ ಸಿಟ್ಟಿನಿಂದ ನೆಲಕ್ಕೆ ಸುರಿದು ತೋರಿಸಿದ. ನಾನು, ಗುಮಾಸ್ತರು, ಮನೆಯಿಂದ ಸಾವ್ಕಾರ್ರ ಹೆಂಡತಿ, ಮೂವರೂ ಬಿಡದೆ ಆ ನಂಬರಿಗೆ ಫೋನ್ ಹಚ್ಚುತ್ತಿದ್ದೆವು. ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ರಿಂಗ್ ಆಗುತ್ತಿದೆ ಅಂದರೆ ಕಳ್ಳತನ ಆಗಿಲ್ಲ, ಕಳ್ಳನಾಗಿದ್ದರೆ ಆಫ್ ಮಾಡಿರುತ್ತಿದ್ದ ಎಂದು ಗುಮಾಸ್ತರು ಸಮಾಧಾನ ಹೇಳಿದರು. ಟಾರ್ಚಿನ ನೆನಪು ಯಾರಿಗೂ ಬರಲಿಲ್ಲ. ಇದು ನಂಬುವ ಮಾತಲ್ಲ ಎಂದು ಈಗ ಅನಿಸುತ್ತದೆ, ಆದರೆ ಬರಲಿಲ್ಲ.

ಈ ನಡುವೆ ಚಾಲಕರ ಮೊದಲ ಫೋನ್ ಬಂತು. ಹೊಸಪೇಟೆಯ ಹಿರಿಯರು ಅವರು, ಎಲ್ಲರೂ ಚಾಚಾ ಎಂದೇ ಕರೆಯುತ್ತಿದ್ದೆವು. ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಕ್ಲಚ್ ಹೋಗಿದೆ, ಹೆದ್ದಾರಿ ಪಕ್ಕದ ಒಬ್ಬ ಮೆಕ್ಯಾನಿಕ್ ಅಂಗಳಕ್ಕೆ ಹೇಗೋ ತಂದು ನಿಲ್ಲಿಸಿದ್ದೇನೆ, ಇವತ್ತು ರಿಪೇರಿ ಆಗುವ ಮಾತಿಲ್ಲ ಎಂದರು. ಟ್ರೇಲರಿನಲ್ಲಿ ಎಂಜಿನ್ ಇರುವ ಮುಂಭಾಗ ಬೇರೆ, ಕಂಟೇನರ್ ಹೊರುವ ಹಿಂಭಾಗ ಬೇರೆ. ಮುಂಭಾಗಕ್ಕೆ ಹಾರ್ಸ್ ಅನ್ನುತ್ತಾರೆ. ನಮ್ಮ ಕುದುರೆ ಕುಂಟಿತ್ತು. ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡಿದೆ. ಚಿತ್ರದುರ್ಗದಿಂದ ಇನ್ನೊಂದನ್ನು ಕಳಿಸುತ್ತೇವೆ, ಬಂದರಿನೊಳಗೆ ಹೋಗುವ ಪಾಸ್ ಚಾಚಾ ಹತ್ತಿರವೇ ಇರುವುದರಿಂದ ಅವರೇ ಅದನ್ನು ಓಡಿಸಿಕೊಂಡು ಹೋಗಲಿ, ಬಂದವನು ಕೆಟ್ಟ ಗಾಡಿಯ ಹತ್ತಿರ ಉಳಿಯಲಿ ಎಂದರು. ಮರುದಿನ ಸಂಜೆಯೊಳಗೆ ಕಂಟೇನರ್ ಬಂದರಿನ ಗೇಟು ದಾಟಬೇಕಿತ್ತು. ತಪ್ಪಿದರೆ ಹಡಗು ಹೋಯಿತು. ಮುಂದಿನ ಹಡಗಿನವರೆಗೆ ಅಕ್ಕಿ ಯಾರ್ಡಿನಲ್ಲಿ ಬಾಡಿಗೆ ಕಟ್ಟುತ್ತ ಕೂರಬೇಕು. ದುಬೈಯ ಖರೀದಿದಾರರು ಹಿಂದಿನ ಸಲ ಒಂದು ಹಡಗು ತಪ್ಪಿದ್ದಕ್ಕೇ, ಇನ್ನೊಮ್ಮೆ ಹೀಗಾದರೆ ಬೇರೆ ಗಿರಣಿ ನೋಡಿಕೊಳ್ಳುತ್ತೇವೆ ಎಂದು ತಿಳಿಸಿದ್ದರು.

ಇದನ್ನು ಸಾವ್ಕಾರ್ರಿಗೆ ಹೇಳಿ ಮುಗಿಸುವ ಮುಂಚೆಯೇ ಚಾಚಾ ಮತ್ತೆ ಫೋನ್ ಮಾಡಿದರು. ಈ ಸಲ ದನಿ ಬೇರೆಯಾಗಿತ್ತು.

"ಮೇಡಂ, ಡಬ್ಬದಾಗ ಕೂಸು ಐತಿ."

ಡಬ್ಬ ಅಂದರೆ ಕಂಟೇನರ್. ಯಾವ ಕೂಸು ಎಂದು ಕೇಳಿದೆ.

"ಹೆಣ್ಣು ಕೂಸು. ತಾತಾ ಎತ್ತು, ತಾತಾ ಎತ್ತು ಅಂತ ಕರೀತೈತಿ. ಸ್ವಲ್ಪ ಹೊತ್ತು ಸುಮ್ನಾಗತೈತಿ, ಮತ್ತ ಕರೀತೈತಿ. ನನಗ ಕೈಕಾಲು ಆಡವಲ್ವು ಮೇಡಂ."

ಅಂಗಳ ಗುಡಿಸುವ ಹೆಣ್ಣುಮಕ್ಕಳು ತಮ್ಮ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಆ ಮಕ್ಕಳು ಚೀಲಗಳ ನಡುವೆ ಆಡುವುದನ್ನು ನಾನು ಎಷ್ಟೋ ಸಲ ಬೈದು ನಿಲ್ಲಿಸಿದ್ದೆ. ಬಾಗಿಲು ಹಾಕಿಸಿದ್ದು ನಾನು, ಸೀಲ್ ಒತ್ತಿದ್ದು ನನ್ನ ಕೈ. ಫೋನ್ ಕಿವಿಯಲ್ಲೇ ಹಿಡಿದು ಹಿತ್ತಿಲಿಗೆ ಓಡಿದೆ. ಮಕ್ಕಳು ನೀರಿನ ತೊಟ್ಟಿಯ ಹತ್ತಿರ ಸಾಲಾಗಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. ಎಲ್ಲರೂ ಇದ್ದರು. ಅಲ್ಲೇ ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಹಾಗಾದರೆ ಡಬ್ಬದಲ್ಲಿರುವುದು ಯಾರ ಕೂಸು?

ಚಾಚಾ ಇನ್ನೂ ಲೈನಿನಲ್ಲಿದ್ದರು. ಆ ಕಡೆಯಿಂದ ಜನರ ಗಲಾಟೆ ಕೇಳುತ್ತಿತ್ತು. ಮೆಕ್ಯಾನಿಕ್ ಸುತ್ತಿಗೆ ತಂದಿದ್ದಾನೆ, ಬಾಗಿಲು ಒಡೆಯುತ್ತೇವೆ ಅಂದರು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಸಾವ್ಕಾರ್ರ ಹತ್ತಿರ ಓಡಿ ಬಂದೆ. ಗುಮಾಸ್ತರು ಆಗಲೂ ತಮ್ಮ ಕರ್ತವ್ಯ ಬಿಟ್ಟಿರಲಿಲ್ಲ, ಕಳೆದ ನಂಬರಿಗೆ ಮತ್ತೊಮ್ಮೆ ಫೋನ್ ಹಚ್ಚಿದರು. ಅದೇ ಕ್ಷಣಕ್ಕೆ ನನ್ನ ಫೋನಿನ ಸ್ಪೀಕರಿನಿಂದ, ಕೂಡ್ಲಿಗಿಯಿಂದ, ಕಬ್ಬಿಣದ ಗೋಡೆಯ ಆಚೆಯಿಂದ ಒಂದು ಮಗು ಕೂಗಿತು. "ತಾತಾ, ಎತ್ತು. ಎಷ್ಟೊತ್ತು ಕರೀಲಿ? ತಾತಾ, ಎತ್ತು."

ಸಾವ್ಕಾರ್ರು ಎದ್ದು ನಿಂತರು. ಹರಪನಹಳ್ಳಿಯಲ್ಲಿರುವ ಮಗಳ ಮಗಳು ಹಬ್ಬಕ್ಕೆ ಬಂದಿದ್ದಾಗ ತನ್ನ ದನಿಯನ್ನೇ ತಾತನ ಫೋನಿನ ರಿಂಗ್‌ಟೋನ್ ಮಾಡಿ ಹೋಗಿದ್ದಳು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ದಿನಾ ಕೇಳಿದ ದನಿ ಡಬ್ಬದೊಳಗಿನಿಂದ ಬಂದರೆ ಯಾರಿಗೂ ಗುರುತು ಹತ್ತುವುದಿಲ್ಲ.

"ಒಡಿಬ್ಯಾಡ್ರಿ" ಎಂದು ಸಾವ್ಕಾರ್ರು ನನ್ನ ಫೋನಿಗೆ ಹೇಳಿದರು. "ಅದು ಕೂಸಲ್ಲ, ನನ್ನ ಫೋನು. ದನಿ ನನ್ನ ಮೊಮ್ಮಗಳದು."

ಕೂಡ್ಲಿಗಿಯವರು ನಂಬಲಿಲ್ಲ. ಕೂಸಿನ ತಾತ ಎಂದು ಒಪ್ಪಿಕೊಂಡವನೇ ಕೂಸು ಅಲ್ಲ ಅನ್ನುತ್ತಿದ್ದಾನೆ, ಇವನು ಎಂಥ ಮನುಷ್ಯ ಎಂದು ಯಾರೋ ಹೇಳಿದ್ದು ಕೇಳಿಸಿತು. ಒಬ್ಬ ಹೆಂಗಸು ಕಂಟೇನರಿನ ಹತ್ತಿರ ಬಾಯಿಟ್ಟು, ಅಂಜಬ್ಯಾಡವ್ವ, ನಿನ್ನ ಹೆಸರೇನು ಎಂದು ಕೇಳುತ್ತಿದ್ದಳಂತೆ. ಆಗ ನನಗೊಂದು ದಾರಿ ಹೊಳೆಯಿತು. ನಾನೀಗ ಆ ನಂಬರಿಗೆ ಫೋನ್ ಮಾಡುತ್ತೇನೆ, ಕೂಸು ಕೂಗುತ್ತದೆ. ಕಟ್ ಮಾಡುತ್ತೇನೆ, ಸುಮ್ಮನಾಗುತ್ತದೆ, ನೋಡಿಕೊಳ್ಳಿ ಎಂದು ಚಾಚಾ ಮೂಲಕ ಹೇಳಿಸಿದೆ. ಗುಮಾಸ್ತರ ಫೋನಿನಿಂದ ಎರಡು ಸಲ ಹಾಗೆ ಮಾಡಿ ತೋರಿಸಿದೆ. ಮೂರನೆಯ ಸಲ ಕೂಡ್ಲಿಗಿಯವರೇ ಕೇಳಿ ಮಾಡಿಸಿದರು. ಗುಂಪು ನೋಡಿ ಬಂದಿದ್ದ ಪೊಲೀಸಿನವರು ಎಲ್ಲ ಕೇಳಿ ತಿಳಿದುಕೊಂಡು, ತಮಗಾಗಿ ಇನ್ನೊಂದು ಸಲ ಕೂಗಿಸಲು ಆಗುತ್ತದೆಯೇ ಎಂದು ಕೇಳಿದರಂತೆ. ಬ್ಯಾಟರಿ ಮುಗಿಯುತ್ತದೆ ಎಂದು ನಾನು ಒಪ್ಪಲಿಲ್ಲ.

ಬ್ಯಾಟರಿಯ ಮಾತು ಬಾಯಿಂದ ಬಂದಮೇಲೆಯೇ ಉಳಿದದ್ದೆಲ್ಲ ತಲೆಗೆ ಬಂತು. ಹೊಸ ಹಾರ್ಸ್ ಬಂದರೆ ಗಾಡಿಯ ನಂಬರು ಬದಲಾಗುತ್ತದೆ. ಇ-ವೇ ಬಿಲ್ಲಿನಲ್ಲಿ ಹಳೆಯ ನಂಬರಿದ್ದರೆ ದಾರಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ನಂಬರು ತಿದ್ದಬೇಕಾದರೆ ಪೋರ್ಟಲ್ ತೆರೆಯಬೇಕು, ಅದಕ್ಕೆ ಓಟಿಪಿ ಬೇಕು. ಓಟಿಪಿ ಬರುವ ಫೋನು ಡಬ್ಬದಲ್ಲಿದೆ. ಡಬ್ಬ ತೆರೆಯಬೇಕಾದರೆ ಹಳೆಯ ಸೀಲನ್ನು ರದ್ದು ಮಾಡಿ ಹೊಸ ಸೀಲಿನ ನಂಬರು ನೋಂದಾಯಿಸಬೇಕು, ಅದಕ್ಕೂ ಓಟಿಪಿ ಬೇಕು. ಅದೂ ಡಬ್ಬದಲ್ಲಿದೆ. ನಾನಿದನ್ನು ಸಾವ್ಕಾರ್ರಿಗೆ ಬಿಡಿಸಿ ಹೇಳಿದೆ. ಅವರು ಎಲ್ಲ ಕೇಳಿ, ಹಂಗಾರ ಆ ಕಡೆಯಿಂದ ಬರಾಣ ಎಂದರು. ಯಾವ ಕಡೆಯಿಂದ ಬಂದರೂ ಕೊನೆಗೆ ಅಲ್ಲಿಗೇ ಬರುತ್ತದೆ ಎಂದು ಇನ್ನೊಮ್ಮೆ ಹೇಳಬೇಕಾಯಿತು.

ಸಾವ್ಕಾರ್ರ ಕಾರಿನಲ್ಲಿ ಕೂಡ್ಲಿಗಿಗೆ ಹೊರಟೆವು. ನನ್ನ ಲ್ಯಾಪ್‌ಟಾಪು, ಒಂದು ಹೊಸ ಸೀಲು, ಚೀಲ ಇಳಿಸಬೇಕಾದೀತು ಎಂದು ಹಿಂದಿನ ಸೀಟಿನಲ್ಲಿ ಹಮಾಲರ ಮುಖಂಡ ಮತ್ತು ಇನ್ನೊಬ್ಬ. ಕಾರಿನಲ್ಲಿ ತವುಡಿನ ವಾಸನೆ ತುಂಬಿತು. ಕೂಡ್ಲಿಗಿ ಮುಟ್ಟಿದ ಕೂಡಲೇ ಸಾವ್ಕಾರ್ರು ಮೊದಲು ಒಂದು ಮೊಬೈಲ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಅದೇ ನಂಬರಿಗೆ ಬೇರೆ ಸಿಮ್ ತೆಗೆದುಕೊಳ್ಳುವುದು ಅವರ ಯೋಚನೆ. ಅಂಗಡಿಯವನು ಸಿಮ್ ಏನೋ ಕೊಡುತ್ತೇನೆ, ಆದರೆ ಮೋಸ ತಡೆಯಲಿಕ್ಕೆಂದು ಹೊಸ ಸಿಮ್ಮಿಗೆ ಒಂದು ದಿನ ಮೆಸೇಜು ಬರುವುದಿಲ್ಲ ಎಂದ. ಮೋಸ ತಡೆಯುವ ವ್ಯವಸ್ಥೆಯನ್ನು ಸಾವ್ಕಾರ್ರು ಯಾವಾಗಲೂ ಮೆಚ್ಚುತ್ತಿದ್ದವರು. ಅವತ್ತು ಮುಖ ತಿರುಗಿಸಿಕೊಂಡು ಕಾರು ಹತ್ತಿದರು.

ಮೆಕ್ಯಾನಿಕ್ ಅಂಗಳದಲ್ಲಿ ಜನ ಇನ್ನೂ ಕರಗಿರಲಿಲ್ಲ. ಹೊಸ ಹಾರ್ಸ್ ಬಂದು ನಿಂತಿತ್ತು, ಮೆಕ್ಯಾನಿಕ್ ಹಳೆಯದನ್ನು ಬಿಚ್ಚಿ ಅದನ್ನು ಜೋಡಿಸುತ್ತಿದ್ದ. ರಸ್ತೆಬದಿಯ ಚಹಾದ ಅಂಗಡಿಯವನು ಅವತ್ತು ಎರಡು ಸಲ ಹಾಲು ತರಿಸಿದ್ದನಂತೆ. ನಾವು ಕಂಟೇನರಿನ ಬಾಗಿಲ ಹತ್ತಿರ ಹೋಗಿ ನಿಂತೆವು. ಆಗ ಸಾವ್ಕಾರ್ರು ಬೆಚ್ಚಿ ತಮ್ಮ ಎಡಗೈ ನೋಡಿಕೊಂಡರು. ಅಳಿಯ ಕೊಡಿಸಿದ್ದ ಸ್ಮಾರ್ಟ್ ಗಡಿಯಾರ ಅವರ ಮಣಿಕಟ್ಟಿನಲ್ಲಿ ಒಂದೇ ಸಮನೆ ನಡುಗುತ್ತಿತ್ತು. ಅದರ ಪುಟ್ಟ ಪರದೆಯ ಮೇಲೆ ಮಿಸ್ಡ್ ಕಾಲುಗಳು ಒಂದರ ಹಿಂದೊಂದು ಬರುತ್ತಿದ್ದವು. ನಾನು, ಗುಮಾಸ್ತರು, ಅವರ ಹೆಂಡತಿ, ಮತ್ತೆ ಹೆಂಡತಿ, ಮತ್ತೆ ಹೆಂಡತಿ. ಡಬ್ಬದೊಳಗಿದ್ದ ಫೋನು ಬಾಗಿಲಿನ ರಬ್ಬರಿನ ಸಂದಿಯಿಂದಲೋ ಎಲ್ಲಿಂದಲೋ ಗಡಿಯಾರವನ್ನು ಮುಟ್ಟುತ್ತಿತ್ತು.

"ಸಾವ್ಕಾರ್ರ, ಮೆಸೇಜೂ ಇದರಾಗ ಬರ್ತಾವೇನ್ರಿ?" ಎಂದೆ.

ಬರುತ್ತವೆ, ಆದರೆ ತಾವು ಓದುವುದಿಲ್ಲ ಎಂದರು. ನಾನು ಮೆಕ್ಯಾನಿಕನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇ-ವೇ ಬಿಲ್ಲಿನ ಪುಟ ತೆರೆದು ಓಟಿಪಿ ಕೇಳಿದೆ. ಗಡಿಯಾರ ಸುಮ್ಮನಿತ್ತು. ಸಾವ್ಕಾರ್ರು ಕೈಯನ್ನು ಬಾಗಿಲಿಗೆ ಒತ್ತಿ, ಎಡಕ್ಕೆ ಸರಿದು, ಬಲಕ್ಕೆ ಸರಿದು, ಗೋಡೆಗೆ ಕಿವಿಗೊಟ್ಟವರ ಹಾಗೆ ಸುತ್ತು ಹಾಕಿದರು. ಏನೂ ಬರಲಿಲ್ಲ. ಫೋನು ಮೇಲಿನ ಚೀಲಗಳ ಮೇಲಿದೆ, ಕೈ ಕೆಳಗಿದೆ. ಕಂಟೇನರಿನ ಪಕ್ಕದ ಗೋಡೆಯಲ್ಲಿ ಚಾವಣಿಯ ಹತ್ತಿರ ಗಾಳಿಯಾಡಲು ಸಣ್ಣ ಕಿಂಡಿ ಇರುತ್ತದೆ, ಅಲ್ಲಿಗೆ ಹಿಡಿಯಬೇಕಿತ್ತು. ಮೆಕ್ಯಾನಿಕ್ ಏಣಿ ತಂದ. ಸಾವ್ಕಾರ್ರು ಎರಡು ಮೆಟ್ಟಿಲು ಹತ್ತಿ, ಏಣಿ ಅಲುಗಿತು ಎಂದು ಇಳಿದರು. ಮುಖಂಡನ ಕೈ ದಪ್ಪ, ಗಡಿಯಾರದ ಪಟ್ಟಿ ಸುತ್ತು ಬರಲಿಲ್ಲ. ಕೊನೆಗೆ ಸಾವ್ಕಾರ್ರೇ ಅದನ್ನು ಬಿಚ್ಚಿ, ತಮ್ಮ ಕೈಯಾರೆ ಚಾಚಾ ಮಣಿಕಟ್ಟಿಗೆ ಕಟ್ಟಿದರು.

ಚಾಚಾ ಏಣಿಯ ಮೇಲೆ ನಿಂತು ಕಿಂಡಿಗೆ ಕೈ ಒಡ್ಡಿದರು. ನಾನು ಮತ್ತೆ ಓಟಿಪಿ ಕೇಳಿದೆ. ಬ್ರ್ ಅಂದಿತು ಎಂದರು. ಏನು ಬಂದಿದೆ ಓದಿ ಎಂದೆ. "ಡಿಯರ್... ಟ್ಯಾಕ್ಸ್... ಪೇಯರ್..." ಎಂದು ಕೂಡಿಸಿ ಓದಿದರು. ಅಷ್ಟಕ್ಕೆ ಪರದೆ ಕಪ್ಪಾಯಿತು. ಅಂಕಿ ಎಲ್ಲಿ ಎಂದರೆ ಅಂಕಿ ಇಲ್ಲ, ಬರೀ ಮರ್ಯಾದೆ ಐತಿ ಎಂದರು. ಬೆರಳಿನಿಂದ ಮೇಲಕ್ಕೆ ಸರಿಸಿದರೆ ಕೆಳಗಿನ ಸಾಲು ಬರುತ್ತದೆ ಎಂದು ಮೆಕ್ಯಾನಿಕ್ ತೋರಿಸಿಕೊಟ್ಟ. ಇನ್ನೊಮ್ಮೆ ಕೇಳಿದೆ.

ಈ ಸಲ ಅಂಕಿಗಳು ಬಂದವು. ಚಾಚಾ ಮೇಲಿನಿಂದ ಒಂದೊಂದಾಗಿ ಹೇಳಿದರು, ಹೆದ್ದಾರಿಯಲ್ಲಿ ಲಾರಿಗಳ ಸದ್ದು ಇದ್ದುದರಿಂದ ಸಾವ್ಕಾರ್ರು ಕೆಳಗೆ ನಿಂತು ಅದನ್ನೇ ಗಟ್ಟಿಯಾಗಿ ಕೂಗಿದರು. ಮೂರನೆಯದನ್ನು ಅವರು ಏಳು ಎಂದಾಗ ಚಹಾದ ಅಂಗಡಿಯವನು, ಏಳಲ್ಲರಿ, ಒಂದು ಅಂದ್ರು ಎಂದು ತಿದ್ದಿದ. ಹೌದು, ಒಂದು ಎಂದು ಇನ್ನಿಬ್ಬರು ಸಾಕ್ಷಿ ಹೇಳಿದರು. ನನಗೆ ಹೇಳಲೂ ಹಿಂಜರಿಯುತ್ತಿದ್ದ ಅಂಕಿಗಳನ್ನು ಸಾವ್ಕಾರ್ರು ಕೂಡ್ಲಿಗಿಯ ಬಯಲಿನಲ್ಲಿ ಹರಾಜು ಕೂಗುವವರಂತೆ ಕೂಗುತ್ತಿದ್ದರು. ಪುಟ ತೆರೆಯಿತು. ಹೊಸ ಹಾರ್ಸಿನ ನಂಬರು ಹಾಕಿದೆ, ಬಿಲ್ಲು ತಿದ್ದುಪಡಿಯಾಯಿತು. ಜನ ಚಪ್ಪಾಳೆ ತಟ್ಟಿದರು.

ಸಾವ್ಕಾರ್ರ ಮುಖದಲ್ಲಿ ಮಧ್ಯಾಹ್ನದಿಂದ ಮೊದಲ ಸಲ ಕಳೆ ಬಂತು. ನಡೀರಿ ಚಾಚಾ, ಹೊರಡ್ರಿ ಎಂದರು. ಫೋನು ಎಂದು ನಾನು ಕೇಳಿದೆ. ಅದು ಹೋಗಲಿ, ದುಬೈಯಲ್ಲಿ ಪಾರ್ಟಿಯವರು ತೆಗೆದು ಕೊರಿಯರ್ ಮಾಡುತ್ತಾರೆ, ಈಗ ಡಬ್ಬ ತೆಗೆದು ಚೀಲ ಇಳಿಸಿ ಏರಿಸುತ್ತ ಕೂತರೆ ಹಡಗು ತಪ್ಪುತ್ತದೆ ಎಂದರು. ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ದಾರಿಯಲ್ಲಿ ಇನ್ನೇನೂ ಕೆಡದಿದ್ದರೆ ಮಾತ್ರ ಸಮಯ ಸಾಲುವಂತಿತ್ತು.

ನಾನು ಚೆನ್ನೈಯ ಏಜೆಂಟರಿಗೆ ಫೋನ್ ಮಾಡಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಅಲ್ಲಿ ಹುಳು ಹಿಡಿಯದಂತೆ ಅಕ್ಕಿಗೆ ಅನಿಲ ಬಿಡುತ್ತಾರೆ, ಆ ಅನಿಲ ತಾಮ್ರ ತಿನ್ನುತ್ತದೆ, ಫೋನು ಉಳಿಯುವುದಿಲ್ಲ ಎಂದರು. ಅದಕ್ಕಿಂತ ದೊಡ್ಡ ಮಾತೆಂದರೆ ಬಿಸಿಯಾದ ಬ್ಯಾಟರಿಯೊಂದು ಚೀಲಗಳ ನಡುವೆ, ಯಾವ ಕಾಗದದಲ್ಲೂ ಹೆಸರಿಲ್ಲದೆ ಸಮುದ್ರ ದಾಟುತ್ತದೆ. ಸ್ಕ್ಯಾನಿನಲ್ಲಿ ಕಂಡರೆ ಕಂಟೇನರನ್ನೇ ತಡೆದಿಡುತ್ತಾರೆ, ಕಾಣದೆಯೂ ಹೋಗಬಹುದು. ನೀವೇ ನಿರ್ಧರಿಸಿ, ಪ್ಯಾಕಿಂಗ್ ಪಟ್ಟಿಗೆ ಸಹಿ ಹಾಕಿದ್ದು ನೀವು ಎಂದು ಹೇಳಿ ಇಟ್ಟುಬಿಟ್ಟರು.

ಚಾಚಾ ಹೊಸ ಹಾರ್ಸಿನ ಬಾಗಿಲು ತೆರೆದು ಯಾರ ಮಾತು ನಡೆಯುತ್ತದೆ ಎಂದು ನೋಡುತ್ತ ನಿಂತಿದ್ದರು. ಸಂಬಳ ಕೊಡುವವರ ಎದುರು, ಅಷ್ಟು ಜನರ ನಡುವೆ ಇಲ್ಲ ಅನ್ನುವುದು ನನಗೆ ರೂಢಿಯಿಲ್ಲದ ಕೆಲಸ.

"ಸಾವ್ಕಾರ್ರ, ಇದರಾಗ ಅಕ್ಕಿ ಬಿಟ್ಟು ಬ್ಯಾರೆ ಏನೂ ಇಲ್ಲಂತ ನಾನು ಸಹಿ ಮಾಡೀನಿ. ಫೋನ್ ಐತಂತ ಈಗ ಗೊತ್ತಾಗೇತಿ. ಗೊತ್ತಾದ ಮ್ಯಾಲ ಕಳಸಾಕ ನನ್ನ ಕೈಲಿ ಆಗಲ್ಲ. ಹಡಗು ತಪ್ಪಿದ್ರ ನನ್ನ ಬೈರಿ."

ಅವರು ಸಿಟ್ಟಾಗಲಿಲ್ಲ. ಕೈಯನ್ನು ನೋಡಿಕೊಂಡರು, ಅಲ್ಲಿ ಗಡಿಯಾರ ಇರಲಿಲ್ಲ. ಅಷ್ಟರಲ್ಲಿ ಡಬ್ಬ ಮತ್ತೆ ಕೂಗಿತು. ತಾತಾ, ಎತ್ತು. ಮನೆಯಿಂದ ಹೆಂಡತಿ ಇನ್ನೂ ಪ್ರಯತ್ನ ಬಿಟ್ಟಿರಲಿಲ್ಲ. ಆದರೆ ದನಿ ಮಧ್ಯಾಹ್ನದಷ್ಟು ಗಟ್ಟಿಯಾಗಿರಲಿಲ್ಲ, ಕೊನೆಗೆ ಒಡೆದು ಒಡೆದು ಬಂತು. ಫೋನು ಅಂತ ಎಲ್ಲರಿಗೂ ಗೊತ್ತಿದ್ದರೂ ಕೂಸಿನ ಹೆಸರು ಕೇಳಿದ್ದ ಹೆಂಗಸು ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ತೆಗೀರಿ" ಎಂದರು ಸಾವ್ಕಾರ್ರು.

ತೆಗೆಯುವುದು ಅಷ್ಟು ಸುಲಭವಿರಲಿಲ್ಲ, ಮೊದಲು ಸೀಲಿನ ಪೋರ್ಟಲು ತೆರೆಯಬೇಕು. ಚಾಚಾ ಮತ್ತೆ ಏಣಿ ಹತ್ತಿದರು. ನಾನು ಓಟಿಪಿ ಕೇಳಿದೆ, ಬರಲಿಲ್ಲ. ಇನ್ನೊಮ್ಮೆ ಕೇಳಿದೆ, ಬರಲಿಲ್ಲ. ಒಳಗೆ ಫೋನು ಸತ್ತಿದ್ದರೆ ಈ ಡಬ್ಬವನ್ನು ತೆರೆಯಲು ನನಗೆ ಹಕ್ಕಿಲ್ಲ, ಕಳಿಸಲು ಮನಸ್ಸಿಲ್ಲ. ಮೂರನೆಯ ಸಲ ಒಂದು ನಿಮಿಷ ಕಾದಮೇಲೆ ಚಾಚಾ ಕೈ ಎತ್ತಿದರು. ಈಗ ಅವರಿಗೆ ಅಭ್ಯಾಸವಾಗಿತ್ತು, ಸಾವ್ಕಾರ್ರಿಗಿಂತ ಚುರುಕಾಗಿ ಓದಿ ಮುಗಿಸಿದರು. ಹಳೆಯ ಸೀಲು ರದ್ದಾಯಿತು, ಹೊಸದು ಏರಿತು. ಮೆಕ್ಯಾನಿಕ್ ಉದ್ದ ಹಿಡಿಕೆಯ ಕಟ್ಟರಿನಿಂದ ಸೀಲಿನ ಬೋಲ್ಟ್ ಕತ್ತರಿಸಿದ.

ಬಾಗಿಲು ತೆರೆದಾಗ ಚೀಲಗಳ ಸಂದಿಯಿಂದ ಬೆಳಕು ಕಾಣುತ್ತಿತ್ತು. ಟಾರ್ಚ್ ಇನ್ನೂ ಉರಿಯುತ್ತಿತ್ತು. ಮುಖಂಡ ಮೇಲಿನ ಕೆಲವು ಚೀಲ ಇಳಿಸಿ, ಕೈ ಹಾಕಿ ಫೋನನ್ನು ಹೊರತೆಗೆದು, ಇದು ದ್ವಾಸಿ ಹಂಚಿನಂಗ ಸುಡತೈತಿ ಎಂದು ಈ ಕೈಯಿಂದ ಆ ಕೈಗೆ ಬದಲಿಸುತ್ತ ಸಾವ್ಕಾರ್ರಿಗೆ ಕೊಟ್ಟ. ಅವರು ಟಾರ್ಚ್ ಆರಿಸಿ ಮೊದಲು ಮನೆಗೆ ಫೋನ್ ಮಾಡಿದರು. ಫೋನು ಸಿಕ್ಕಿತು ಎಂದಷ್ಟೇ ಹೇಳಿದರು. ಎಲ್ಲಿ ಸಿಕ್ಕಿತು ಎಂದು ಆ ಕಡೆಯಿಂದ ಕೇಳಿರಬೇಕು. "ಕೂಡ್ಲಿಗ್ಯಾಗ" ಎಂದರು. ಅದರ ಅರ್ಥ ಹೇಳುವ ಮುಂಚೆಯೇ ಫೋನು ಆರಿಹೋಯಿತು.

ಚೀಲಗಳನ್ನು ಮತ್ತೆ ಸಾಲು ಮಾಡಿ, ಎಣಿಸಿ, ನನ್ನ ಫೋನಿನಲ್ಲಿ ಹೊಸ ಫೋಟೊ ತೆಗೆದು, ಹೊಸ ಸೀಲ್ ಒತ್ತಿದೆ. ಒತ್ತುವ ಮುಂಚೆ ಅಲ್ಲಿದ್ದ ಎಲ್ಲರಿಗೂ ತಮ್ಮ ತಮ್ಮ ಫೋನು ತೋರಿಸಲು ಹೇಳಿದೆ. ನೋಡಲು ಬಂದವರೂ ತೋರಿಸಿದರು. ಹೊತ್ತು ಇಳಿಯುತ್ತಿತ್ತು. ಚಾಚಾ ಬೇಗ ಬೇಗ ಚಹಾ ಕುಡಿದು, ಹೊಸ ಹಾರ್ಸಿನ ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಚಿತ್ರದುರ್ಗದ ದಾರಿ ಹಿಡಿದರು. ಹಿಂದಿರುಗುವಾಗ ಸಾವ್ಕಾರ್ರು ನನ್ನನ್ನು ಕೊಟ್ಟೂರಿನಲ್ಲಿ ನಮ್ಮ ಮನೆಯ ಬಾಗಿಲಿಗೇ ಬಿಟ್ಟರು. ಇಳಿಯುವಾಗ ನಾಳೆ ಬೇಗ ಬಾ ಎಂದರು. ಯಾಕೆ ಎಂದು ಹೇಳಲಿಲ್ಲ. ಆ ಮಾತಿನ ಮೇಲೆ ನನಗೆ ನಿದ್ದೆ ಚೆನ್ನಾಗಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಕೋಣೆಗೆ ಹೋದಾಗ ಮೇಜಿನ ಮುಂದೆ ಕುರ್ಚಿ ಹಾಕಿಸಿ ಕೂರಿಸಿದರು. ನನ್ನ ನಂಬರನ್ನು ಎಲ್ಲೆಲ್ಲಿ ಸೇರಿಸಬಹುದೋ ಅಲ್ಲೆಲ್ಲ ಸೇರಿಸು ಎಂದರು. ಬ್ಯಾಂಕಿನದನ್ನು ಬಿಟ್ಟು ಎಂದು ತಕ್ಷಣ ಸೇರಿಸಿದರು. ಪ್ರತಿಯೊಂದಕ್ಕೂ ಒಪ್ಪಿಗೆಯ ಓಟಿಪಿ ಅವರ ಫೋನಿಗೇ ಬರಬೇಕಿತ್ತು. ಆ ಕೆಲಸ ಮುಗಿಯುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು.

ನಾವಿನ್ನೂ ಅಲ್ಲೇ ಕೂತಿದ್ದಾಗ ಚಾಚಾ ಫೋನ್ ಬಂತು. ಡಬ್ಬ ಬಂದರಿನ ಗೇಟು ದಾಟಿ ಒಳಗೆ ಹೋಗಿದೆ, ಚೀಟಿ ಕೈಗೆ ಬಂದಿದೆ, ಹಡಗಿಗೆ ಹೊತ್ತು ಇದೆ ಎಂದರು. ನಾನು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದೆ. ಚಾಚಾ ಇನ್ನೂ ಮಾತು ಮುಗಿಸಿರಲಿಲ್ಲ.

"ಇನ್ನೊಂದು ಮಾತು ಮೇಡಂ. ಸಾವ್ಕಾರ್ರ ಗಡಿಯಾರ ನನ್ನ ಕೈಯಾಗ ಬಂದುಬಿಟ್ಟೈತಿ. ತಾಸಿಗೊಮ್ಮೆ ನಡಗತೈತಿ. ಏನಂತ ಢಾಬಾದವರನ್ನ ಕೇಳಿದ್ರ, ಕುಂತು ಭಾಳ ಹೊತ್ತಾತು, ಎದ್ದು ಅಡ್ಡಾಡು ಅಂತ ಬರದೈತಂತ."

ಸ್ಪೀಕರಿನಲ್ಲಿ ಅದನ್ನು ಕೇಳಿಸಿಕೊಂಡ ಸಾವ್ಕಾರ್ರು ತಮ್ಮ ಬರಿದಾದ ಮಣಿಕಟ್ಟು ಉಜ್ಜಿಕೊಂಡರು. ಅಳಿಯ ಕೇಳಿದರೆ ಏನು ಹೇಳುವುದು ಎಂದು ಯೋಚಿಸುತ್ತಿದ್ದಾರೆ ಅಂದುಕೊಂಡೆ. ಅಡ್ಡಾಡಿದಿರಾ ಎಂದು ಚಾಚಾನನ್ನು ಕೇಳಿದರು. ಮೂರು ಕಡೆ ಗಾಡಿ ನಿಲ್ಲಿಸಿ ಇಳಿದು ಅಡ್ಡಾಡಿದೆ, ಮೊಣಕಾಲು ಇವತ್ತು ಹಗುರ ಅನಿಸುತ್ತದೆ ಎಂದು ಉತ್ತರ ಬಂತು.

"ಹಂಗಾರ ಬಿಚ್ಚಬ್ಯಾಡ್ರಿ" ಎಂದರು ಸಾವ್ಕಾರ್ರು. "ವಾಪಸ್ ಬರೂ ದಾರ್‍ಯಾಗೂ ಅದು ಹೇಳಿದಂಗ ಕೇಳ್ರಿ. ನನ್ನ ಮಾತಂತೂ ಅದು ಕೇಳಲ್ಲ, ನಾನೂ ಅದರ ಮಾತು ಕೇಳಿಲ್ಲ."